ಯಜಮಾನರ ಸೋರುವ ಮ್ಯಾಗಜಿನ್

ಪಿಸ್ತೂಲು ಶಿಶಿದೊನ ಪಾಲಿಗೆ ಎಂದು, ತೀರಿಹೋದ ಯಜಮಾನರ ಹೆಂಡತಿ ನುಯಿ ಅಮ್ಮ ಹೇಳಿದಾಗ ಕುನುಗಿ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಡಲಿಲ್ಲ. ಇಟ್ಟರೆ ಮುಖ ಮರೆಸಿಕೊಳ್ಳಲು ಏನೂ ಇರುವುದಿಲ್ಲ.

"ಯಜಮಾನ್ರು ಬಾಯಿಬಿಟ್ಟು ಹೇಳಿಹೋಗಿದಾರೆ, ಕುನುಗಿ ಸಾನ್," ಎಂದರು ಅವರು. "ಪಿಸ್ತೂಲು ಶಿಶಿದೊಗೆ. ನಿಮಗೂ ಒಂದು ನೆನಪಿನ ಸಾಮಾನು ಹೇಳಿದಾರೆ. ನಲವತ್ತೊಂಬತ್ತನೇ ದಿನದ ಪೂಜೆ ಮುಗೀಲಿ, ಎಲ್ಲರೆದುರಿಗೇ ಕೊಡ್ತೀನಿ. ಅಲ್ಲೀವರೆಗೆ ಅವರ ಮುಂದಿರೋ ಯಾವುದನ್ನೂ ಅಲ್ಲಾಡಿಸೋ ಹಾಗಿಲ್ಲ."

"ನನಗ್ಯಾಕಮ್ಮ ಅದೆಲ್ಲ."

"ನಿಮಗಲ್ಲದೆ ಇನ್ಯಾರಿಗೆ? ಈ ಮನೇ ಅನ್ನ ನೀವು ತಿಂದಷ್ಟು ನಾನೇ ತಿಂದಿಲ್ಲ."

ನಕ್ಕರು. ಕುನುಗಿಯೂ ನಗಬೇಕಾಯಿತು. ನಗುತ್ತಲೇ ಅವನ ಕಣ್ಣು ಗೋಡೆಯ ಪೂಜಾಗೂಡಿನ ಕಡೆ ಹೋಯಿತು. ಯಜಮಾನ ಹಾತ್ಸುಕಾನೊ ಅವರ ಪಟ, ಊದುಬತ್ತಿಯ ಬೂದಿ, ಸಿಪ್ಪೆ ಸುಕ್ಕಿದ ಕಿತ್ತಳೆ, ಮುಚ್ಚಳ ತೆಗೆದಿಟ್ಟ ಮರದ ಪೆಟ್ಟಿಗೆಯಲ್ಲಿ ಆ ಪಿಸ್ತೂಲು. ಅದರ ಪಕ್ಕದಲ್ಲಿ ತೊಗಲಿನ ಪಟ್ಟಿ ಹರಿದ ಕೈಗಡಿಯಾರ. ಅವನಿಗೆ ಅರ್ಥವಾಯಿತು. ತನ್ನ ಮೂವತ್ತು ವರ್ಷದ ಬೆಂಚಿನ ದುಡಿಮೆಗೆ ಒಂದು ಹರಿದ ಗಡಿಯಾರ. ಐದು ವರ್ಷಕ್ಕೇ ಕೆಲಸ ಬಿಟ್ಟು ಓಡಿದ ಶಿಶಿದೊಗೆ ಪಿಸ್ತೂಲು.

ಕತ್ಸುಶಿಕದ ಆ ಗಲ್ಲಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಆಟಿಕೆಯ ಕಾರ್ಖಾನೆ. ಹಾತ್ಸುಕಾನೊ ಅವರದು ಪಿಸ್ತೂಲಿನದು. ದೊಡ್ಡವರು ಆಡುವ ಆಟದ ಪಿಸ್ತೂಲು: ನೋಡಲು ನಿಜದ್ದರ ಹಾಗೇ, ಹಾರಿಸುವುದು ಮಾತ್ರ ಕಡಲೆಗಾತ್ರದ ಪ್ಲಾಸ್ಟಿಕ್ ಗುಂಡು. ಗುಂಡನ್ನು ದೂಡುವುದು ಗ್ಯಾಸು. ಹಿಡಿಯೊಳಗೆ ಕೂರುವ ಮ್ಯಾಗಜಿನ್ನಿನ ಒಂದು ಪಕ್ಕಕ್ಕೆ ಗುಂಡುಗಳ ಸಾಲು, ಮಿಕ್ಕ ಹೊಟ್ಟೆಯೆಲ್ಲ ಗ್ಯಾಸಿಗೆ. ಆ ಹೊಟ್ಟೆ ಸೋರತೊಡಗಿದರೆ ಎಂಥ ಪಿಸ್ತೂಲೂ ಬರೀ ತೂಕದ ಕಬ್ಬಿಣ. ಸೋರದ ಮ್ಯಾಗಜಿನ್ ಲೋಕದಲ್ಲಿಲ್ಲ. ಇವತ್ತಲ್ಲ ನಾಳೆ, ತುಂಬಿಸುವ ಬಾಯಿಯಲ್ಲೋ, ಗ್ಯಾಸು ಬಿಡುವ ವಾಲ್ವಿನಲ್ಲೋ, ತಳದ ಪಟ್ಟಿಯ ರಬ್ಬರಿನಲ್ಲೋ ಅದು ಸೋತೇ ಸೋಲುತ್ತದೆ. ಉಳಿದವರು ಸೈಕಲ್ಲಿನ ಟ್ಯೂಬಿನಂತೆ ಅದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು. ಕುನುಗಿ ಮೊದಲು ಕಿವಿಗೆ ಹಿಡಿಯುತ್ತಿದ್ದ. ರಬ್ಬರು ಒಣಗಿದ್ದರೆ ಒಂದು ದನಿ, ವಾಲ್ವಿನಲ್ಲಿ ಕಸ ಸಿಕ್ಕಿದ್ದರೆ ಇನ್ನೊಂದು. ಬಿಚ್ಚಿ, ಒರೆಸಿ, ರಿಂಗು ಬದಲಾಯಿಸಿ, ಒಂದು ತೊಟ್ಟು ಸಿಲಿಕೋನ್ ಎಣ್ಣೆ ಬಿಟ್ಟು ಮತ್ತೆ ಕಟ್ಟುವಷ್ಟರಲ್ಲಿ ಅದರ ಸೋರುವ ಸದ್ದು ನಿಂತಿರುತ್ತಿತ್ತು.

ಅವನದೊಂದು ನೇಮವೂ ಇತ್ತು. ಮುಗಿದ ಮ್ಯಾಗಜಿನ್ನನ್ನು ಬರಿದಾಗಿ ಎತ್ತಿಡಬೇಕು ಎಂಬುದು ಕಾರ್ಖಾನೆಯ ಪದ್ಧತಿ. ಕುನುಗಿ ಒಂದು ಉಸಿರಿನಷ್ಟು ಗ್ಯಾಸು ತುಂಬಿಸಿಯೇ ಎತ್ತಿಡುತ್ತಿದ್ದ. ಒಳಗೆ ಒತ್ತಡವಿದ್ದರೆ ರಬ್ಬರು ತನ್ನ ಜಾಗದಲ್ಲಿ ಕೂತು ನಿದ್ದೆ ಮಾಡುತ್ತದೆ ಎನ್ನುತ್ತಿದ್ದ. "ನೋಡ್ರೋ, ಕುನುಗಿ ಅಣ್ಣ ಕೂಸುಗಳಿಗೆ ಉಣಿಸಿ ಮಲಗಿಸ್ತಾ ಅವ್ರೆ!" ಎಂದು ಶಿಶಿದೊ ಬೆಂಚಿನಾಚೆಯಿಂದ ಕೂಗುವನು. "ತೇಗು ಬಂತೇನಣ್ಣಾ?" ಎಲ್ಲರೂ ನಗುವರು. ಚಹಾ ತರುತ್ತಿದ್ದ ನುಯಿ ಅಮ್ಮನೂ. ಯಜಮಾನರು ಮಾತ್ರ, "ಅವನ ಬೆಂಚು, ಅವನಿಷ್ಟ" ಎನ್ನುತ್ತಿದ್ದರು.

ಈಗ ಆ ಬೆಂಚೂ ಇಲ್ಲ. ಸೋರಿದರೆ ಎಸೆದು ಹೊಸದು ಕೊಳ್ಳುವ ಕಾಲ ಬಂತು, ಕಾರ್ಖಾನೆ ಮುಚ್ಚಿತು, ಆಮೇಲೆ ಯಜಮಾನರೂ ಹೋದರು. ಕುನುಗಿ ಒಂದು ದೊಡ್ಡ ಅಂಗಡಿಯ ಕಾರು ನಿಲ್ಲಿಸುವ ಜಾಗದಲ್ಲಿ ಕೆಂಪು ದೀಪದ ಕೋಲು ಬೀಸುವ ಕೆಲಸಕ್ಕೆ ಸೇರಿದ್ದ. ಕೈಗಳು ಇಡೀ ದಿನ ಗಾಳಿಯಲ್ಲಿ. ಹಿಡಿಯುವುದಕ್ಕೆ ಏನೂ ಇಲ್ಲ. ಮನೆಯಲ್ಲಿ ಅನ್ನದ ಕುಕ್ಕರಿನ ಮುಚ್ಚಳಕ್ಕೆ ಕಿವಿಯಿಟ್ಟು ನಿಂತಿದ್ದವನನ್ನು ಹೆಂಡತಿ ತೊಕಿಯೆ ಒಂದು ದಿನ ನೋಡಿಬಿಟ್ಟಳು.

"ಏನ್ರೀ ಮಾಡ್ತಿದೀರಿ?"

"ಆವಿ ಎಡಗಡೆಯಿಂದ ಸೋರ್ತಾ ಇದೆ."

"ಸೋರಲಿ ಬಿಡ್ರಿ," ಎಂದಳು ಅವಳು, ಬಹಳ ಮೆತ್ತಗೆ. "ಅನ್ನ ಬೆಂದರೆ ಸಾಕು."

ಅಂದು ಅವನಿಗೆ ಅನ್ನ ಇಳಿಯಲಿಲ್ಲ. ಮೂಲೆಗೆ ಬಿದ್ದ ಸಾಮಾನಿನ ಜೊತೆ ಮಾತಾಡುವ ಹಾಗೆ ಹೆಂಡತಿ ತನ್ನ ಜೊತೆ ಮಾತಾಡತೊಡಗಿದ್ದಾಳೆ ಅನ್ನಿಸಿತು. ಹೀಗೇ ಇನ್ನೊಂದು ಚಳಿಗಾಲ ಕಳೆದರೆ ತಾನು ಉಳಿಯುವುದಿಲ್ಲ ಎಂದೂ ಅನ್ನಿಸಿತು. ಸಾಯುವುದು ಅಂತಲ್ಲ. ಸೋರಿ ಮುಗಿಯುವುದು.

ಅಂಥ ಹೊತ್ತಿಗೆ ಕಡಲಾಚೆಯ ತೈಚುಂಗ್‌ನಿಂದ ಜಿಯೆನ್ ಎಂಬಾತ ಬಂದ. ಹಳೆಯ ಪಿಸ್ತೂಲುಗಳನ್ನು ಮತ್ತೆ ತಯಾರಿಸುವ ಕಾರ್ಖಾನೆಯವನು. ಉಯೆನೊದ ಒಂದು ಸೋಬಾ ಶ್ಯಾವಿಗೆಯ ಅಂಗಡಿಯಲ್ಲಿ ಕೂತು, ಹರಕುಮುರುಕು ಮಾತಿನಲ್ಲಿ, ಆದರೆ ನೇರವಾಗಿ ಕೇಳಿದ: "ಹಾತ್ಸುಕಾನೊ ಮೊದಲ ಪಿಸ್ತೂಲು. ಮ್ಯಾಗಜಿನ್ ಒಳಗೆ ಗ್ಯಾಸ್ ದಾರಿ ಹೇಗೆ? ಯಾರಿಗೂ ಗೊತ್ತಿಲ್ಲ. ನಕ್ಷೆ ಇಲ್ಲ. ಮ್ಯಾಗಜಿನ್ ತನ್ನಿ, ಕೊಯ್ದು ನೋಡೋಣ. ಆಮೇಲೆ ಬೆಂಚು ನಿಮ್ಮದು. ಕೈ ಓಡೋವರೆಗೆ ನಿಮ್ಮದು."

ಬೆಂಚು ನಿಮ್ಮದು. ಕುನುಗಿ ಆ ಎರಡು ಮಾತನ್ನು ಎದೆಯೊಳಗೆ ಇಟ್ಟುಕೊಂಡು ನಾಕಾ ಹೊಳೆಯ ದಂಡೆಗುಂಟ ಮನೆಗೆ ನಡೆದ. ಪೂಜಾಗೂಡಿನ ಪಿಸ್ತೂಲಿನೊಳಗಿದ್ದ ಆ ಮ್ಯಾಗಜಿನ್ ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಜಮಾನರು ತಮ್ಮ ಕೈಯಾರೆ ಎರಕ ಹೊಯ್ದು, ಒಳದಾರಿಯನ್ನು ಅರದಿಂದ ತೀಡಿ ರೂಪಿಸಿದ ಮೊಟ್ಟಮೊದಲನೆಯದು. ಎರಕದಲ್ಲೇ ತಳದ ಬಲಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದು ಅದು ಹುಟ್ಟಿದಂದಿನಿಂದ ಸೋರುತ್ತಿತ್ತು. ಯಾವ ರಬ್ಬರಿಗೂ ಯಾವ ಎಣ್ಣೆಗೂ ಬಗ್ಗಲಿಲ್ಲ. ಪ್ರತಿ ಹೊಸ ವರ್ಷ ಕೆಲಸ ಶುರುವಾಗುವ ದಿನ ಯಜಮಾನರು ಅದಕ್ಕೆ ಗ್ಯಾಸು ತುಂಬಿಸಿ ನಡುವೆ ಇಡುವರು, ಎಲ್ಲರೂ ಮಂಡಿಯೂರಿ ಕೂತು ಅದರ ದನಿ ನಿಲ್ಲುವ ತನಕ ಕೇಳಬೇಕು. ಚಹಾ ಆರುವುದರೊಳಗೆ ಅದು ಬರಿದಾಗುತ್ತಿತ್ತು. "ಕೇಳಿದಿರಾ? ಉಸಿರಾಡ್ತಿತ್ತು," ಎಂದು ಯಜಮಾನರು ಏಳುವರು. ವರ್ಷದ ಕೆಲಸ ಆರಂಭ.

ಕೇಳಿ ಪಡೆಯಬಹುದಿತ್ತು. ಕುನುಗಿ ಆ ಮನೆಯ ಬಾಗಿಲಿನವರೆಗೆ ಹೋಗಿ ಮಾತನ್ನು ಬಾಯಲ್ಲೇ ಹೊರಳಿಸಿ ಹಿಂದಕ್ಕೆ ಬಂದಿದ್ದ. ಏನೆಂದು ಕೇಳುವುದು? ಅಮ್ಮಾ, ನೀವು ದಿನಾ ಊದುಬತ್ತಿ ಹಚ್ಚುವ ವಸ್ತುವನ್ನು ಕೊಡಿ, ಎರಡು ತುಂಡು ಮಾಡುತ್ತೇವೆ ಎಂದೇ? ಇನ್ನು ಶಿಶಿದೊನ ಮುಂದೆ ಕೈಯೊಡ್ಡುವುದಂತೂ ಆಗದ ಮಾತು. ಅವನೀಗ ಉಯೆನೊದ ಒಂದು ಮಹಡಿಯಲ್ಲಿ ಗುರಿ ಹೊಡೆಯುವ ಆಟದ ಅಂಗಡಿ ಇಟ್ಟಿದ್ದಾನೆ. ಬಣ್ಣದ ದೀಪ, ಅಬ್ಬರದ ಹಾಡು. ಯಜಮಾನರ ಪಿಸ್ತೂಲನ್ನು ಅಲ್ಲೇ ಎಲ್ಲೋ ಮೊಳೆಗೆ ತಗುಲಿ ಹಾಕುತ್ತಾನೆ. ಅದಕ್ಕಿಂತ ಕೊಯ್ಯುವುದೇ ಮೇಲು. ಹೀಗೆ ಯೋಚಿಸುತ್ತ ಯೋಚಿಸುತ್ತ ಕುನುಗಿಗೆ ತಾನು ಮಾಡಹೊರಟಿದ್ದು ಕಳ್ಳತನವೆಂಬುದೇ ಮರೆತು, ಒಂದು ಬಗೆಯ ರಕ್ಷಣೆ ಎಂದು ತೋರತೊಡಗಿತು.

ಉಪಾಯ ಕಷ್ಟದ್ದಾಗಿರಲಿಲ್ಲ. ಅದೇ ಅಚ್ಚಿನಲ್ಲಿ ಹೊಯ್ದು, ಒಳದಾರಿ ತೀಡದೆ ಬಿಟ್ಟ ಎರಡನೇ ಎರಕವೊಂದನ್ನು ಯಜಮಾನರು ಹಿಂದೆಂದೋ ಕಸಕ್ಕೆ ಹಾಕಿದ್ದರು. ಕುನುಗಿ ಅದನ್ನು ಎತ್ತಿಕೊಂಡು ಬಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದ. ಹೊರಗಿನಿಂದ ಎರಡೂ ಒಂದೇ ತಾಯಿಯ ಮಕ್ಕಳು. ಒಳಗು ಮಾತ್ರ ಬೇರೆ, ಒಳಗನ್ನು ಯಾರು ನೋಡುತ್ತಾರೆ? ಅವನು ಅದಕ್ಕೆ ವಯಸ್ಸು ಬರಿಸಿದ. ಹಿಡಿಯಲ್ಲಿ ಸರಿದಾಡಿ ಸವೆಯುವ ಅಂಚನ್ನು ಬಟ್ಟೆಯಿಂದ ತಿಕ್ಕಿ ಸವೆಸಿದ. ತಳದ ಬಲಮೂಲೆಯಲ್ಲಿ, ಯಜಮಾನರು ಒಮ್ಮೆ ಕಲ್ಲುನೆಲಕ್ಕೆ ಬೀಳಿಸಿದ್ದ ನೆಗ್ಗು. ಅದನ್ನು ಮಾಡುವಾಗ ಸುತ್ತಿಗೆ ಎತ್ತಿದ ಕೈ ಒಮ್ಮೆ ತಡೆಯಿತು, ಹೊಡೆದ. ಬೆರಳಿನ ಬೆವರು ಕೂತ ಕಡೆ ಬರುವ ಕಂದು ಕಲೆಯನ್ನು ಗಟ್ಟಿ ಚಹಾದಿಂದ ತಂದ.

ಬೇರೆ ಯಾವ ಕಳ್ಳನಾದರೂ ಇಲ್ಲಿಗೆ ಸಾಕು ಎನ್ನುತ್ತಿದ್ದ. ಕುನುಗಿಗೆ ಸಾಲದು. ಕಾರ್ಖಾನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು: ಕೈಯಿಂದ ಕೈಗೆ ಹೋಗುವ ಯಾವ ಮ್ಯಾಗಜಿನ್ನನ್ನೂ ಪಡೆದವನು ಎಲ್ಲರೆದುರು ಹೆಬ್ಬೆರಳಿನಿಂದ ವಾಲ್ವ್ ಒತ್ತಿ ಬರಿದೆಂದು ತೋರಿಸಬೇಕು. ಶಿಶಿದೊ ಎಷ್ಟೇ ಉಡಾಫೆಯವನಾದರೂ ಆ ಹೆಬ್ಬೆರಳು ಯಜಮಾನರು ತಿದ್ದಿದ್ದು. ಒತ್ತಿಯೇ ಒತ್ತುತ್ತಾನೆ. ಆಮೇಲೆ ಖುಷಿಗೆ ತುಂಬಿಸಿಯೂ ನೋಡಬಹುದು, ಸೋರುವ ದನಿ ಕೇಳಲು. ಹಾಗಾಗಿ ಇದೂ ಸೋರಬೇಕು. ಕುನುಗಿ ತಳದ ರಬ್ಬರಿಗೆ ಸೂಜಿಮೊನೆಯಷ್ಟು ಗಾಯ ಮಾಡಿ ಕಟ್ಟಿದ. ಗ್ಯಾಸು ತುಂಬಿಸಿ ಲೋಟದ ನೀರಿನಲ್ಲಿ ಇಳಿಬಿಟ್ಟ. ಬಲಮೂಲೆಯಿಂದ, ಬೇಕಾದ ಕಡೆಯಿಂದಲೇ, ಸಣ್ಣ ಗುಳ್ಳೆಗಳು ಜಪಮಣಿಯಂತೆ ಒಂದರ ಹಿಂದೊಂದು ಮೇಲೆ ಬಂದವು. ಕಿವಿಗೆ ಹಿಡಿದ. ಅದೇ ದನಿ. ಚಹಾ ಆರುವುದರೊಳಗೆ ಬರಿದಾಯಿತು. ಜೀವಮಾನವೆಲ್ಲ ಸೋರಿಕೆ ನಿಲ್ಲಿಸಿದವನು ಒಂದು ಸೋರಿಕೆಯನ್ನು ಹುಟ್ಟಿಸಿದ್ದ. ಅವನ ಮೈ ಹಗುರವಾಯಿತು. ಎಷ್ಟೋ ತಿಂಗಳ ಮೇಲೆ ಅವನ ಕೈಗಳು ಬೆಂಚಿನ ಮುಂದಿದ್ದ ಕೈಗಳಾಗಿದ್ದವು. ಮುಗಿದ ಯಾವ ಕೆಲಸವನ್ನಾದರೂ ಎತ್ತಿಡುವಂತೆ ಅದನ್ನೂ ಒರೆಸಿ, ಎಂದಿನ ಆರೈಕೆ ಮಾಡಿ, ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟ. ತೊಕಿಯೆ ಅಡುಗೆಮನೆಯಿಂದ, "ಏನು, ಹಾಡ್ಕೋತಾ ಇದೀರಿ?" ಎಂದಳು. ತಾನು ಹಾಡುತ್ತಿದ್ದುದು ಅವನಿಗೇ ಗೊತ್ತಿರಲಿಲ್ಲ.

ಪೂಜೆಯ ಹಿಂದಿನ ಮಧ್ಯಾಹ್ನ ಕಿತ್ತಳೆಯ ಪೊಟ್ಟಣ ಹಿಡಿದು ಹೋದ. ನುಯಿ ಅಮ್ಮ ಗೂಡಿನ ಮುಂದೆ ಕೂತು ಪುಟ್ಟ ಗಂಟೆ ಬಡಿದು, ಕಣ್ಣು ಮುಚ್ಚಿ ಬೌದ್ಧ ಸೂತ್ರ ಹೇಳತೊಡಗಿದರು. ಕುನುಗಿ ಎಂದಿನಂತೆ ಅವರ ಬೆನ್ನ ಹಿಂದೆ, ತೋಳಳತೆಗೆ ಪೆಟ್ಟಿಗೆ ಸಿಗುವ ಹಾಗೆ ಕೂತ. ಮೂವತ್ತು ವರ್ಷ ಬೆಂಚಿನ ಸದ್ದಿನ ಜೊತೆಗೆ ಗೋಡೆಯಾಚೆಯ ಆ ಪಾರಾಯಣವನ್ನೂ ಅವನು ಕೇಳಿದ್ದ. ಎಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ದನಿ ತಗ್ಗುತ್ತದೆ, ಎಲ್ಲಿ ಸಾಲು ಮತ್ತೆ ಮೊದಲಿಗೆ ಬಂದು ಎತ್ತರಕ್ಕೆ ಏರುತ್ತದೆ, ಎಲ್ಲ ಗೊತ್ತು. ಆ ಏರುವ ಕಡೆಗೆ ಕಾದ. ದನಿ ಏರಿತು. ಪಿಸ್ತೂಲಿನ ಹಿಡಿಯ ಚಿಲಕ ಒತ್ತಿದ ಸಣ್ಣ ಸದ್ದು ಸೂತ್ರದೊಳಗೆ ಕರಗಿತು. ಹಳೆಯದು ಅಂಗೈಗೆ ಜಾರಿತು, ಹೆಬ್ಬೆರಳು ತಾನಾಗಿ ಅದರ ವಾಲ್ವ್ ಒತ್ತಿತು: ಏನೂ ಇಲ್ಲ, ಬರಿದು. ಹೊಸದು ಹಿಡಿಯೊಳಗೆ ಕೂತಿತು. ಅವನ ತುಟಿಗಳು ಅಲುಗುತ್ತಿದ್ದವು. ಕದಿಯುತ್ತಿರುವಾಗಲೇ ಅವನೂ ಅವರ ಜೊತೆ ಸಾಲು ತಪ್ಪದೆ ಸೂತ್ರ ಹೇಳುತ್ತಿದ್ದ.

ಗಂಟೆ ಬಡಿದು ನುಯಿ ಅಮ್ಮ ತಿರುಗಿದರು. ಕಣ್ಣು ಒದ್ದೆಯಾಗಿತ್ತು. "ನೀವು ಜೊತೆಗೆ ಹೇಳಿದ್ರಲ್ಲ, ಅವರಿಗೆ ಮುಟ್ಟಿರುತ್ತೆ."

ಮಾರನೆಯ ದಿನ ಅವನು ಕಪ್ಪು ಕೋಟಿನ ಒಳಜೇಬಿನಲ್ಲಿ ಯಜಮಾನರ ಮ್ಯಾಗಜಿನ್ ಇಟ್ಟುಕೊಂಡೇ ಪೂಜೆಗೆ ಬಂದ. ಇಲ್ಲಿಂದ ನೇರ ಉಯೆನೊ. ಸಂಜೆಯ ವಿಮಾನಕ್ಕೆ ಮೊದಲು ಜಿಯೆನ್ ಕಾಯುತ್ತಿರುತ್ತಾನೆ. ಬಟ್ಟೆಯ ಮೂಲಕವೂ ಅದರ ತಣ್ಣನೆಯ ತೂಕ ಎದೆಗೆ ತಾಗುತ್ತಿತ್ತು. ಸಂನ್ಯಾಸಿ ಮಂತ್ರ ಮುಗಿಸಿ, ಒಂದು ಬಟ್ಟಲು ಚಹಾ ಕುಡಿದು ಹೊರಟುಹೋದರು. ಎಣ್ಣೆಯ ಸ್ಟವ್ ಇದ್ದರೂ ಕೋಣೆ ಕೊರೆಯುತ್ತಿತ್ತು. ಉಳಿದವರು ಮೂವರೇ. ಸಸ್ಯಾಹಾರದ ಬುತ್ತಿ, ಬಿಸಿ ಮಾಡಿದ ಅಕ್ಕಿಯ ಮದ್ಯ ಸಾಕೆ.

"ಅಣ್ಣಾ," ಶಿಶಿದೊ ಬಟ್ಟಲು ತುಂಬುತ್ತ ಶುರುಮಾಡಿದ. ದಪ್ಪವಾಗಿದ್ದ, ಕೋಟಿನ ಗುಂಡಿ ಸೇರುತ್ತಿರಲಿಲ್ಲ. "ಅಲ್ಲಿ ಕಾರುಗಳೆಲ್ಲ ನೀವು ಕೋಲು ಎತ್ತಿದ್ರೆ ಸಾಕು, ನಿಂತುಬಿಡ್ತಾವಂತೆ! ನಮ್ಮ ಅಂಗಡೀಲಿ ನಾನು ಕೂಗಿದ್ರೂ ಒಬ್ಬ ತಿರುಗಿ ನೋಡಲ್ಲ."

"ನೀನು ಕೂಗೋದು ಜಾಸ್ತಿ, ಅದಕ್ಕೇ," ಎಂದ ಕುನುಗಿ.

"ನೋಡಿ ಅಮ್ಮಾ, ಇನ್ನೂ ಬೈತಾನೇ ಅವ್ರೆ! ಈ ಬೈಗುಳಕ್ಕೆ ಅಂತಲೇ ನಾನು ಬರೋದು."

ನುಯಿ ಅಮ್ಮ ನಕ್ಕು, ಮಂಡಿಯ ಮೇಲೆ ಸರಿದು ಪೆಟ್ಟಿಗೆಯನ್ನು ಇಳಿಸಿಕೊಂಡರು. ಪಕ್ಕದಲ್ಲಿದ್ದ ಗಡಿಯಾರ ಅಲ್ಲಿರಲಿಲ್ಲ. ಕಾಗದದಲ್ಲಿ ಸುತ್ತಿ ಇಟ್ಟಿರಬೇಕು, ತನ್ನ ಪಾಲಿಗೆ ಎಂದುಕೊಂಡ ಕುನುಗಿ. ಅವರು ಪಿಸ್ತೂಲನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಂಡರು. ಆಮೇಲೆ, ಕುನುಗಿ ಎಣಿಸಿರದಂತೆ, ಚಿಲಕ ಒತ್ತಿ ಮ್ಯಾಗಜಿನ್ನನ್ನು ಹೊರಗೆ ತೆಗೆದರು.

"ಶಿಶಿದೊ, ಪಿಸ್ತೂಲು ನಿಂಗೆ. ಗೋಡೆಗಾದ್ರೂ ಹಾಕು, ಮಡಿಲಲ್ಲಾದ್ರೂ ಇಟ್ಕೊ." ಬರಿದಾದ ಪಿಸ್ತೂಲನ್ನು ಅವನಿಗೆ ಕೊಟ್ಟು, ಕುನುಗಿಯ ಕಡೆ ತಿರುಗಿ ಮ್ಯಾಗಜಿನ್ನನ್ನು ಚಾಚಿದರು. ಚಾಚಿದ ಕೈಯಲ್ಲಿ, ಹೊಸ ಪಟ್ಟಿ ಹಾಕಿಸಿದ ಗಂಡನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. "ಕುನುಗಿ ಸಾನ್, ಇದು ನಿಮಗೆ. 'ಇದರ ಉಸಿರು ಕೇಳೋನು ಅವನೊಬ್ಬನೇ, ಅವನಿಗೇ ಹೋಗ್ಲಿ' ಅಂದ್ರು. 'ಬೇಕಾದ್ರೆ ಕೊಯ್ದು ನೋಡ್ಲಿ, ಒಳಗೆ ನಾನೇನು ಮಾಡಿದೆ ಅಂತ ಅವನಿಗಾದ್ರೂ ಗೊತ್ತಾಗ್ಲಿ' ಅಂದ್ರು."

ಕುನುಗಿ ಚಾಪೆಗೆ ಕೈಯೂರಿದ. ತಲೆ ಬಾಗಿದವನು ಹಾಗೇ ಉಳಿದ. ಚಾಪೆಯ ಎಳೆಗಳು ಕಣ್ಣೀರಿನಲ್ಲಿ ಕಲಸಿಹೋದವು. ತನ್ನದೇ ಆಗಬೇಕಿದ್ದನ್ನು ತಾನು ಕದ್ದಿದ್ದ. ಮರುಕ್ಷಣವೇ ಎದೆಯೊಳಗಿಂದ ಒಂದು ಹುಚ್ಚು ನೆಮ್ಮದಿ ಉಕ್ಕಿತು. ಕದ್ದದ್ದು ಈಗ ಕಳುವೇ ಅಲ್ಲ. ಇದನ್ನೂ ತೆಗೆದುಕೊಂಡು ನಮಸ್ಕರಿಸಿ ಎದ್ದುಹೋದರೆ ಮುಗಿಯಿತು. ಎರಡೂ ತನ್ನ ಬಳಿಯೇ, ಯಾರಿಗೂ ಯಾವತ್ತಿಗೂ ತಿಳಿಯುವಂತಿಲ್ಲ. ಬೆಂಚೂ ಉಂಟು, ಮಾನವೂ ಉಂಟು. ಮನಸ್ಸಿನಲ್ಲೇ ಯಜಮಾನರ ಪಟಕ್ಕೆ ಅಡ್ಡಬಿದ್ದು ಎರಡೂ ಕೈ ಒಡ್ಡಿದ.

"ಕಟ್ಟಳೆ, ಅಣ್ಣಾ, ಕಟ್ಟಳೆ!" ಶಿಶಿದೊ ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ ತಮಾಷೆಗೆ ಗದರಿದ. "ನನ್ನ ಬೆರಳಿಗೆ ಎಷ್ಟು ಸಲ ಹೊಡೆದಿದೀರಿ ಇದಕ್ಕೆ!"

ಅವನು ಹೇಳಬೇಕಾಗಿಯೇ ಇರಲಿಲ್ಲ. ಮ್ಯಾಗಜಿನ್ ಅಂಗೈಗೆ ಬಂದದ್ದೇ ತಡ ಕುನುಗಿಯ ಹೆಬ್ಬೆರಳು ವಾಲ್ವಿನ ಮೇಲೆ ಕೂತು ಒತ್ತಿಯಾಗಿತ್ತು. ಪುಸ್ಸೆಂದು ಬಂತು ದನಿ, ನಿಲ್ಲದೆ ಬಂತು, ಚಳಿಯ ಕೋಣೆಯಲ್ಲಿ ಬೆಳ್ಳಗೆ ಹಬೆ ಎದ್ದು ಯಜಮಾನರ ಪಟದವರೆಗೆ ಹೋಯಿತು. ಶಿಶಿದೊನ ನಗು ಅರ್ಧಕ್ಕೇ ನಿಂತಿತು. ಹೋದ ವರ್ಷದ ಮೊದಲ ದಿನದ ಮೇಲೆ ಯಾರೂ ತುಂಬಿಸದ, ಚಹಾ ಆರುವಷ್ಟು ಹೊತ್ತೂ ಗ್ಯಾಸು ಹಿಡಿಯದ ಮ್ಯಾಗಜಿನ್ನಿನಿಂದ ಬರಲೇಬಾರದಿದ್ದ ದನಿ ಅದು. ನುಯಿ ಅಮ್ಮ ಅವನ ಹೆಬ್ಬೆರಳನ್ನೇ ನೋಡುತ್ತ, ಆ ಹಳೆಯ ತಮಾಷೆಯ ಮಾತನ್ನು ನಗದೆ, ಪಿಸುದನಿಯಲ್ಲಿ ಆಡಿದರು: "ಉಣಿಸಿ ಮಲಗಿಸಿದಾರೆ." ಆಗ ಕುನುಗಿಗೆ ನೆನಪಾಯಿತು. ಸೋರಿಕೆ ಸರಿಯಾಗಿದೆ ಎಂದು ನೀರಿನಿಂದ ಎತ್ತಿ ಒರೆಸಿದ ಮೇಲೆ, ಹಾಡಿಕೊಳ್ಳುತ್ತ, ಮುಗಿದ ಎಲ್ಲ ಮ್ಯಾಗಜಿನ್ನಿಗೂ ಮಾಡುವಂತೆ ತನ್ನ ಕೈಗಳು ಅದಕ್ಕೂ ಒಂದು ತೊಟ್ಟು ಎಣ್ಣೆ ಬಿಟ್ಟು ಒಂದು ಉಸಿರಿನಷ್ಟು ಗ್ಯಾಸು ತುಂಬಿಸಿದ್ದವು. ಆ ಎಣ್ಣೆಗೆ ರಬ್ಬರು ಉಬ್ಬಿ, ತಾನೇ ಮಾಡಿದ್ದ ಸೂಜಿಮೊನೆಯ ಗಾಯ ಮುಚ್ಚಿಕೊಂಡಿತ್ತು. ಹೆಬ್ಬೆರಳ ಮೇಲೆ ಹಿಮ ಕಟ್ಟುತ್ತಿದ್ದರೂ ಅದನ್ನು ತೆಗೆಯಲು ಅವನಿಗೆ ಆಗಲಿಲ್ಲ. ಒಳಜೇಬಿನಲ್ಲಿದ್ದ ಇನ್ನೊಂದು, ಎದೆಗೆ ಒತ್ತಿಕೊಂಡು, ಬರಿದಾಗಿ, ಉಸಿರೇ ಇಲ್ಲದೆ ಕೂತಿತ್ತು.